ಡಿಶ್‌ವಾಷರ್ ‘ನೀರು ಸೋರುತ್ತಿದೆ’ ಅಂತ ನಿಂತುಬಿಟ್ಟರೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಹೈಡ್ರಾಲಿಕ್ ಸಿಲಿಂಡರ್ ಜೋಡಿಸುವ ಕೆಲಸ ಮಾಡುತ್ತೇನೆ. ದಿನವಿಡೀ ಸೀಲು, ಓ-ರಿಂಗು, ಎಣ್ಣೆ ಸೋರಿಕೆ. ಮನೆಗೆ ಬಂದರೆ ಅಲ್ಲೂ ಅದೇ ಹಣೆಬರಹ. ಡಿಶ್‌ವಾಷರ್ ತಂದು ಐದು ವರ್ಷವಾಯಿತು. ಇಷ್ಟರಲ್ಲಿ ಮೂರು ಸಲ ಸೋರಿಕೆ ಅಂತ ನಿಂತಿದೆ, ಮೂರು ಸಲವೂ ಕಾರಣ ಬೇರೆ ಬೇರೆ. ಇದು ಹೇಗೋ ನೆಂಟರಿಗೆಲ್ಲ ಗೊತ್ತಾಗಿ, ಯಾರ ಮನೆಯ ಮಷಿನ್ ಬೀಪ್ ಅಂದರೂ ನನಗೇ ಫೋನು. ಅವರು ಕೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಮಷಿನ್ ಬೀಪ್ ಅನ್ನುತ್ತಿದೆ, ಒಳಗಿನ ಗುಂಯ್ ಸದ್ದು ನಿಲ್ಲುತ್ತಲೇ ಇಲ್ಲ. ಮೊದಲು ಏನು ಮಾಡಲಿ?

ನಳ ಬಂದ್ ಮಾಡಿ. ಸಿಂಕಿನ ಕೆಳಗೆ ಮಷಿನ್ನಿಗೆ ಅಂತಲೇ ಒಂದು ಕಾಕ್ ಇರುತ್ತದೆ, ಅದನ್ನು. ಆಮೇಲೆ ಪ್ಲಗ್ ಕೀಳಿ. ಆಫ್ ಗುಂಡಿ ಒತ್ತಿದರೂ ಸದ್ದು ನಿಲ್ಲದಿದ್ದರೆ ಗಾಬರಿ ಬೇಡ. ತಳದಲ್ಲಿ ನೀರು ಸೇರಿದ ಕೂಡಲೇ ನೀರು ಹೊರಹಾಕುವ ಪಂಪು ತಾನಾಗಿ ಶುರುವಾಗುತ್ತದೆ. ಬಹಳಷ್ಟು ಮಷಿನ್‌ಗಳಲ್ಲಿ ಪ್ಲಗ್ ಕೀಳುವವರೆಗೂ ಅದು ಓಡುತ್ತಲೇ ಇರುತ್ತದೆ.

ನೆಲ ಒದ್ದೆಯಾಗಿದ್ದರೆ ಮಾತ್ರ ಕ್ರಮ ತಿರುಗಾಮುರುಗಾ. ಒದ್ದೆ ಕಾಲಲ್ಲಿ ನಿಂತು 16 ಆಂಪಿಯರ್ ಪ್ಲಗ್ಗಿಗೆ ಕೈ ಹಾಕಬೇಡಿ. ಮೊದಲು ಬೋರ್ಡಿನ ಎಂಸಿಬಿ (ಕರೆಂಟ್ ಕಡಿಯುವ ಸ್ವಿಚ್) ಕೆಳಗೆ ಮಾಡಿ, ಆಮೇಲೆ ನಳದ ಕಡೆ ಹೋಗಿ.

ನೆಲದ ಮೇಲೆ ಒಂದು ಹನಿ ನೀರಿಲ್ಲ. ಸುಳ್ಳು ಸೂಚನೆ ಅಲ್ವಾ?

ಅಲ್ಲ. ನೀರು ನೆಲಕ್ಕೆ ಇಳಿಯುವ ಮೊದಲೇ ಹಿಡಿಯಲಿ ಅಂತಲೇ ಅದನ್ನು ಮಾಡಿರೋದು. ಮಷಿನ್ನಿನ ತಳದಲ್ಲಿ ಅಗಲವಾದ ಒಂದು ಟ್ರೇ ಇದೆ. ಮೇಲೆ ಯಾವ ಪೈಪು ಸೋರಿದರೂ, ಯಾವ ಸೀಲು ಹೋದರೂ ನೀರು ಅಲ್ಲಿಗೇ ಬೀಳುತ್ತದೆ. ಟ್ರೇಯ ಒಂದು ಕಡೆ ಥರ್ಮಾಕೋಲಿನ ಸಣ್ಣ ಬಿಲ್ಲೆ ಕೂತಿರುತ್ತದೆ. ನೀರು ಏರಿದಂತೆ ಬಿಲ್ಲೆ ತೇಲಿ ಮೇಲೆ ಬರುತ್ತದೆ, ಅದರ ತಲೆಯ ಮೇಲಿನ ಮೈಕ್ರೋಸ್ವಿಚ್ ಟಿಕ್ ಅನ್ನುತ್ತದೆ, ಮಷಿನ್ ನಿಲ್ಲುತ್ತದೆ. ಟಾಕಿಯೊಳಗಿನ ಬಾಲ್ ಕಾಕ್ ಇದೆಯಲ್ಲ, ಅದೇ ಜಾತಿಯದು. ಒಂದೆರಡು ಲೋಟ ನೀರಿಗೇ ಅದು ಎದ್ದುಬಿಡುತ್ತದೆ.

ಅಪರೂಪಕ್ಕೆ ಟ್ರೇ ಒಣಗಿದ್ದರೂ ಬಿಲ್ಲೆ ಮೇಲೆಯೇ ಸಿಕ್ಕಿಕೊಂಡಿರುತ್ತದೆ. ಅದನ್ನು ಕಣ್ಣಿಂದ ನೋಡಿದ ಮೇಲೆ ಸುಳ್ಳು ಸೂಚನೆ ಅನ್ನಿ.

ಪರದೆ ಮೇಲೆ ಏನೇನೋ ಅಕ್ಷರ ಬರುತ್ತದೆ. ಯಾವುದು ಸೋರಿಕೆ?

ಬಾಷ್, ಸೀಮೆನ್ಸ್‌ನಲ್ಲಿ ‘ಇ15’. ಎಲ್‌ಜಿಯಲ್ಲಿ ‘ಇ1’. ಸ್ಯಾಮ್‌ಸಂಗ್‌ನಲ್ಲಿ ‘ಎಲ್‌ಸಿ’, ಹಳೆಯದರಲ್ಲಿ ‘ಎಲ್‌ಇ’. ಬೇರೆ ಮಷಿನ್ ಇದ್ದರೆ ಜೊತೆಗೆ ಬಂದ ಪುಸ್ತಕ ನೋಡಿ. ಅದು ಹೆಚ್ಚಾಗಿ ವಾರಂಟಿ ಕಾರ್ಡಿನ ಜೊತೆ ಕಪಾಟಿನ ಮೇಲಿನ ಅರೆಯಲ್ಲಿ ಇರುತ್ತದೆ.

ಫೋನ್ ಮಾಡುವವರಲ್ಲಿ ಅರ್ಧ ಜನ ಓದಿ ಹೇಳುವುದು ಬೇರೆಯದೇ ಆಗಿರುತ್ತದೆ. ಬಾಷ್‌ನಲ್ಲಿ ‘ಇ18’ ಅಂದರೆ ನೀರು ಸಾಕಷ್ಟು ಬರುತ್ತಿಲ್ಲ, ‘ಇ24’ ಅಥವಾ ‘ಇ25’ ಅಂದರೆ ನೀರು ಹೊರಗೆ ಹೋಗುತ್ತಿಲ್ಲ. ಎರಡೂ ಸೋರಿಕೆಯಲ್ಲ. ನೀರು ಬರುತ್ತಿಲ್ಲ ಅನ್ನುವುದು ನಮ್ಮ ಕಡೆ ಮಾಮೂಲು. ಎಷ್ಟೋ ಮಷಿನ್‌ಗಳಿಗೆ ಕಡಿಮೆ ಅಂದರೂ ಅರ್ಧ ಬಾರ್ ಒತ್ತಡ ಬೇಕು. ಅಂದರೆ ಟಾಕಿಯ ನೀರು ಮಷಿನ್ನಿಗಿಂತ ಸುಮಾರು 5 ಮೀಟರ್ ಎತ್ತರದಲ್ಲಿರಬೇಕು. ಒಂದೇ ಅಂತಸ್ತಿನ ಮನೆಯ ಮಾಳಿಗೆ ಮೇಲೆ ಟಾಕಿ ಇಟ್ಟರೆ ಅಷ್ಟು ಸಿಗುವುದಿಲ್ಲ.

ಪಂಪು ಹೇಗೂ ಓಡುತ್ತಿದೆ. ಟ್ರೇ ನೀರನ್ನು ಅದೇ ತೆಗೆಯಲ್ವಾ?

ತೆಗೆಯುವುದಿಲ್ಲ. ಪಂಪು ಪಾತ್ರೆ ಇಡುವ ಗೂಡಿನ ನೀರನ್ನಷ್ಟೇ ಹೊರಹಾಕುತ್ತದೆ. ಟ್ರೇಗೂ ಅದಕ್ಕೂ ಸಂಬಂಧವಿಲ್ಲ. ನಮ್ಮ ಸೋದರಮಾವ ‘ಖಾಲಿ ಆಗಲಿ ಬಿಡು’ ಅಂತ ರಾತ್ರಿಯಿಡೀ ಓಡಲು ಬಿಟ್ಟಿದ್ದರು. ಬೆಳಿಗ್ಗೆ ನೋಡಿದರೆ ಬಿಲ್ಲೆ ಇನ್ನೂ ತೇಲುತ್ತಲೇ ಇತ್ತು.

ಹಾಗಾದರೆ ಟ್ರೇ ನೀರು ತೆಗೆಯೋದು ಹೇಗೆ? ಮಷಿನ್ ವಾಲಿಸಿ ಅನ್ನುತ್ತಾರೆ.

ವಾಲಿಸುವುದು ಎಲ್ಲರಿಗೂ ಗೊತ್ತಿರುವ ಉಪಾಯ. ಕೆಲಸವೂ ಮಾಡುತ್ತದೆ. ಆದರೂ ನನಗೆ ಅದು ಇಷ್ಟವಿಲ್ಲ. ಮಷಿನ್ನಿನ ತೂಕ 45 ಕಿಲೋ ಮೇಲೆಯೇ. ಸೊಂಟ ಹಿಡಿದರೆ ಯಾರು ನೋಡುತ್ತಾರೆ? ಅದರ ಮೇಲೆ ಟ್ರೇಯ ನೀರು ಮೋಟಾರಿನ ಕಡೆಗೋ ವೈರಿನ ಕಡೆಗೋ ಹರಿಯುವ ಭಯ ಬೇರೆ.

ನಾನು ಮಾಡುವುದು ಹೀಗೆ. ಪ್ಲಗ್ ಕಿತ್ತು, ಬಾಗಿಲ ಕೆಳಗಿನ ಅಡ್ಡಪಟ್ಟಿ ಬಿಚ್ಚುತ್ತೇನೆ. ಹೆಚ್ಚಿನವಕ್ಕೆ ನಕ್ಷತ್ರದ ತಲೆಯ ಸ್ಕ್ರೂ ಇರುತ್ತದೆ, ಟಾರ್ಕ್ಸ್ ಟಿ20 ಸ್ಕ್ರೂಡ್ರೈವರ್ ಬೇಕು. ಅಡ್ಡಪಟ್ಟಿ ಹೋದರೆ ಟ್ರೇ ಕಾಣುತ್ತದೆ. ನಮ್ಮ ಅಪ್ಪನ ಹಳೆ ಧೋತರ ಹರಿದು ಇಟ್ಟುಕೊಂಡಿದ್ದೇನೆ. ಅದರ ಒಂದು ತುಂಡನ್ನು ದಪ್ಪ ಬತ್ತಿ ಹೊಸೆದ ಹಾಗೆ ಹೊಸೆದು, ಒಂದು ತುದಿ ಟ್ರೇಯೊಳಗೆ ಬಿಟ್ಟು, ಇನ್ನೊಂದು ತುದಿಯನ್ನು ಹೊರಗೆ ಒಂದು ತಾಟಿನಲ್ಲಿ ಇಡುತ್ತೇನೆ. ತಳಕ್ಕೆ ಮುಟ್ಟಿದ್ದೇ ತಡ, ಬಟ್ಟೆ ನೀರು ಕುಡಿಯುತ್ತಾ ಮುಂದಕ್ಕೆ ಬರುತ್ತದೆ. ಬಿಳಿ ಬಟ್ಟೆ ಇಂಚಿಂಚಾಗಿ ಮಬ್ಬಾಗುತ್ತಾ ಹೋಗುವುದು ಕಾಣುತ್ತದೆ. ಹಿಂಡುವುದು, ಮತ್ತೆ ಬಿಡುವುದು. ನಾಲ್ಕೈದು ಸಲಕ್ಕೆ ಟ್ರೇ ಖಾಲಿ. ನೀರು ಜಾಸ್ತಿ ಇದ್ದರೆ ಮೊದಲು ಸೂಜಿ ತೆಗೆದ ದೊಡ್ಡ ಸಿರಿಂಜಿನಿಂದ ಎಳೆಯಿರಿ. ಟ್ರೇ ಅಂಚುಗಳು ಕೆಲವು ಕಡೆ ಚೂಪಾಗಿರುತ್ತವೆ, ಕೈ ಉಷಾರ್.

ಆಮೇಲೆ ಪಟ್ಟಿ ಬಿಚ್ಚಿಟ್ಟೇ ಫ್ಯಾನ್ ಹಚ್ಚಿ ಒಂದು ದಿನ ಬಿಡಿ. ಜುಲೈ-ಆಗಸ್ಟಿನ ಬೆಳಗಾವಿ ಮಳೆಯಲ್ಲಿ ಬಟ್ಟೆಯೇ ಮೂರು ದಿನ ಒಣಗುವುದಿಲ್ಲ. ಆಗ ಎರಡು ದಿನ ಬಿಡಿ.

ವಾಲಿಸಲೇಬೇಕು ಅಂದರೆ ಇಬ್ಬರು ಸೇರಿ, ಒಳಗಿನ ಪಾತ್ರೆ, ನೀರು ಎಲ್ಲ ತೆಗೆದು, ಬಾಗಿಲಿಗೆ ಟೇಪ್ ಹಚ್ಚಿ, ಪುಸ್ತಕದಲ್ಲಿ ಹೇಳಿದಷ್ಟೇ ಮಾಡಿ. ಅಡಿಗೆ ಕಟ್ಟೆಯೊಳಗೆ ಕೂರಿಸಿದ ಮಷಿನ್ ಆಗಿದ್ದರೆ ಆ ಗೊಡವೆಯೇ ಬೇಡ.

ಟ್ರೇ ಒಣಗಿಸಿದೆ. ಸೂಚನೆ ಹೋಯಿತು. ಇನ್ನು ತೊಂದರೆ ಇಲ್ಲ ತಾನೇ?

ನಾನು ಜಗಳ ಆಡುವುದು ಇಲ್ಲಿಯೇ. ಟ್ರೇ ಒಣಗಿಸಿದರೆ ಸೂಚನೆ ಹೋಗುತ್ತದೆ, ಸೋರಿಕೆ ಹೋಗುವುದಿಲ್ಲ. ಕಾರ್ಖಾನೆಯಲ್ಲಿ ಹೊಸ ಹುಡುಗರೂ ಹೀಗೆ ಮಾಡುತ್ತಾರೆ. ಸಿಲಿಂಡರಿನ ಮೇಲಿನ ಎಣ್ಣೆ ಒರೆಸಿ ‘ಆತ್ರಿ ಸರ್’ ಅನ್ನುತ್ತಾರೆ.

ನೀರು ಎಲ್ಲಿಂದ ಬಂತು ಅನ್ನುವುದನ್ನು ನೀರೇ ಹೇಳುತ್ತದೆ. ಅದಕ್ಕೇ ಹಿಂಡಿದ ಮೊದಲ ನೀರನ್ನು ಚೆಲ್ಲಬೇಡಿ, ಒಂದು ಗಾಜಿನ ಲೋಟದಲ್ಲಿ ಹಿಡಿದು ನೋಡಿ. ತಿಳಿಯಾಗಿದ್ದರೆ ಅದು ತೊಳೆಯುವ ಮೊದಲಿನ ನೀರು. ಅಂದರೆ ನಳದಿಂದ ಬರುವ ಪೈಪು, ಅದರ ವಾಷರ್, ಒಳಗಿನ ವಾಲ್ವ್, ಈ ಕಡೆ ಹುಡುಕಿ. ಜಿಡ್ಡು, ವಾಸನೆ, ಸೋಪಿನ ಜಾರು ಇದ್ದರೆ ಅದು ಪಾತ್ರೆ ತೊಳೆದ ನೀರು. ಬಾಗಿಲ ರಬ್ಬರು, ಗೂಡಿನ ತಳದ ಸೀಲು, ನೀರು ತಿರುಗಿಸುವ ಪಂಪಿನ ಸೀಲು, ಹೊರಹೋಗುವ ಪೈಪು, ಇವುಗಳಲ್ಲಿ ಯಾವುದೋ ಒಂದು.

ಎರಡನೆಯ ಸುಳಿವು, ಸೋರುವ ಹೊತ್ತು. ಪಟ್ಟಿ ಬಿಚ್ಚಿಟ್ಟು, ಟ್ರೇಯೊಳಗೆ ಮತ್ತು ಮಷಿನ್ ಮುಂದೆ ಹಳೆ ಪೇಪರ್ ಹಾಸಿ, ಅತಿ ಚಿಕ್ಕ ಪ್ರೋಗ್ರಾಂ ಹಚ್ಚಿ. ಟಾರ್ಚ್ ಹಿಡಿದು ದೂರ ಕೂತು ನೋಡಿ, ಕೈ ಹಾಕಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಮೊದಲ ಒಂದೆರಡು ನಿಮಿಷ ನೀರು ತುಂಬುವಾಗಲೇ ಪೇಪರ್ ಒದ್ದೆಯಾದರೆ ಒಳಬರುವ ದಾರಿ ಸೋರುತ್ತಿದೆ. ಝುಂಯ್ ಅಂತ ತೊಳೆಯುವಾಗ ಆದರೆ ಬಾಗಿಲು ಅಥವಾ ಪಂಪು. ಗಳಗಳ ಅಂತ ಹೊರಹಾಕುವಾಗ ಆದರೆ ಹೊರಹೋಗುವ ಪೈಪು. ಮಷಿನ್ ಬಂದ್ ಇರುವಾಗಲೂ ಒದ್ದೆಯಾಗುತ್ತಿದ್ದರೆ ಹೆಚ್ಚಾಗಿ ನಳದ ಕಡೆಯದೇ.

ಜಾಯಿಂಟ್ ಮೇಲೆ ಅನುಮಾನ ಇದ್ದರೆ ಒಂದು ಸೀಮೆಸುಣ್ಣ ತಗೊಳ್ಳಿ. ಜಾಯಿಂಟನ್ನು ಚೆನ್ನಾಗಿ ಒರೆಸಿ, ಸುತ್ತಲೂ ಸೀಮೆಸುಣ್ಣ ಗೀಚಿ. ಹನಿ ಎಷ್ಟೇ ಸಣ್ಣದಿರಲಿ, ಹರಿದ ಕಡೆ ಬಿಳಿ ಹೋಗಿ ಕಪ್ಪಗೆ ಗೆರೆ ಮೂಡುತ್ತದೆ. ಬೆಸುಗೆಯ ಬಿರುಕು ಹುಡುಕಲು ನಾವು ಬಿಳಿ ಪುಡಿ ಹೊಡೆಯುತ್ತೇವೆ, ಅದರ ಬಡ ತಮ್ಮ ಇದು.

ಮಷಿನ್ನಿಗೆ ಹಾಕುವ ಸೋಪಿನ ಟ್ಯಾಬ್ಲೆಟ್ ಮುಗಿದಿತ್ತು, ಪಾತ್ರೆ ತಿಕ್ಕುವ ಲಿಕ್ವಿಡ್ಡನ್ನೇ ಒಂದು ಚಮಚ ಹಾಕಿದೆ. ಅದರಿಂದ ಹೀಗಾಯಿತಾ?

ಖಂಡಿತ. ನಮ್ಮ ಮನೆಯ ಮೊದಲ ಸೂಚನೆ ಅದೇ. ‘ಏ ತಮ್ಮಾ, ಮಷಿನ್ ಬಾಯಾಗಿಂದ ಬುರುಗು ಬರಾಕತ್ತೇತಿ ನೋಡು’ ಅಂತ ಅವ್ವ ಕೂಗಿದಾಗ ಅರ್ಧ ಅಡಿಗೆಮನೆ ಬೆಳ್ಳಗಾಗಿತ್ತು. ಡಿಶ್‌ವಾಷರ್ ಸೋಪು ನೊರೆ ಬರದ ಹಾಗೆ ಮಾಡಿದ್ದು. ಕೈಯಿಂದ ತಿಕ್ಕುವ ಲಿಕ್ವಿಡ್ ನೊರೆ ಬರಲಿ ಅಂತಲೇ ಮಾಡಿದ್ದು. ನೀರು ನಿಲ್ಲುವ ಸೀಲಿನಲ್ಲೂ ನೊರೆ ನುಸುಳುತ್ತದೆ. ಟ್ರೇಗೆ ಇಳಿದು ಒಡೆದು ನೀರಾಗುತ್ತದೆ.

ಇಲ್ಲಿ ಕೆಟ್ಟಿದ್ದು ಏನೂ ಇಲ್ಲ. ಬಾಗಿಲು ತೆರೆದು ಒಂದು ತಾಸು ಬಿಡಿ, ನೊರೆ ಇಳಿಯುತ್ತದೆ. ಉಳಿದದ್ದನ್ನು ಲೋಟದಿಂದ ಬಳಿದು ತೆಗೆಯಿರಿ. ಟ್ರೇ ಒಣಗಿಸಿ, ಸೋಪು ಹಾಕದೆ ಬರೀ ನೀರಿನಲ್ಲಿ ಎರಡು ಸಲ ಓಡಿಸಿ. ಹೊಳಪಿನ ದ್ರವ ತುಂಬುವಾಗ ಚೆಲ್ಲಿದರೂ ಹೀಗೇ ನೊರೆ ಬರುತ್ತದೆ, ಒರೆಸಿಬಿಡಿ. ಬೇಳೆ, ಹಾಲು ಅಂಟಿದ ಪಾತ್ರೆ ತೊಳೆಯದೇ ಜಾಸ್ತಿ ತುಂಬಿದರೂ ಸ್ವಲ್ಪ ನೊರೆ ಇರುತ್ತದೆ. ಕುಕ್ಕರಿನ ಸೀಟಿಯಿಂದ ಬೇಳೆಯ ನೊರೆ ಉಕ್ಕುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಳದ ಹತ್ತಿರ ಪೈಪಿನ ನಟ್ ಸೋರುತ್ತಿದೆ. ಪ್ಲಂಬರ್ ಟೆಫ್ಲಾನ್ ಟೇಪ್ ಸುತ್ತಿ ಹೋದ, ಮತ್ತೆ ಸೋರುತ್ತಿದೆ.

ಟೇಪ್ ಅಲ್ಲಿ ಏನೂ ಮಾಡುವುದಿಲ್ಲ. ಆ ಮುಕ್ಕಾಲು ಇಂಚಿನ ನಟ್ಟಿನಲ್ಲಿ ನೀರು ತಡೆಯುವುದು ಒಳಗಿನ ಚಪ್ಪಟೆ ರಬ್ಬರ್ ವಾಷರ್. ನಟ್ಟಿನ ಥ್ರೆಡ್ಡಿನ ಕೆಲಸ ಬರೀ ಅದುಮಿ ಹಿಡಿಯುವುದು. ವಾಷರ್ ಗಟ್ಟಿಯಾಗಿದ್ದರೆ, ಸೀಳಿದ್ದರೆ, ಇಲ್ಲವೇ ಎರಡು ವಾಷರ್ ಒಂದರ ಮೇಲೊಂದು ಕೂತಿದ್ದರೆ, ಟೇಪನ್ನು ಮಾರುದ್ದ ಸುತ್ತಿದರೂ ಸೋರುತ್ತದೆ. ನಟ್ ಬಿಚ್ಚಿ ವಾಷರನ್ನು ಬೆರಳಲ್ಲಿ ಮಡಚಿ ನೋಡಿ. ಒಳ್ಳೆಯದಾದರೆ ಮಡಚಿ ಬಿಟ್ಟ ಕೂಡಲೇ ನೆಟ್ಟಗಾಗುತ್ತದೆ. ನಮ್ಮದು ಎರಡನೇ ಸಲ ಹೋದದ್ದು ಇದೇ. ಮಡಚಿದರೆ ಚಕ್ಕುಲಿಯ ಹಾಗೆ ಪಟ್ ಅಂತ ಮುರಿಯಿತು. ಖಡೇಬಜಾರಿನ ಯಾವುದೇ ಹಾರ್ಡ್‌ವೇರ್ ಅಂಗಡಿಯಲ್ಲಿ ಹೊಸದು ಸಿಗುತ್ತದೆ, ಹಳೆಯದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಕೈಯಿಂದ ಬಿಗಿ ಮಾಡಿ, ಮೇಲೆ ಕಾಲು ಸುತ್ತು, ಅಷ್ಟೇ. ಪಾನಾ ಹಾಕಿ ಬಲ ಬಿಟ್ಟರೆ ಪ್ಲಾಸ್ಟಿಕ್ ನಟ್ ಸೀಳುತ್ತದೆ. ಟೇಪಿನ ಚೂರುಗಳು ಒಳಗಿನ ಜಾಲರಿಗೆ ಹೋಗಿ ಸಿಕ್ಕಿರುತ್ತವೆ, ಅದನ್ನೂ ತೆಗೆದುಬಿಡಿ.

ಬಾಗಿಲ ಮೂಲೆಯಿಂದ ಹನಿಯುತ್ತದೆ. ರಬ್ಬರ್ ಹೊಸದು ಹಾಕಿಸಲಾ?

ಮೊದಲು ಪಾತ್ರೆ ಜೋಡಿಸುವುದನ್ನು ನೋಡಿ. ಮೂರನೇ ಸಲ ನಮ್ಮಲ್ಲಿ ಸೋರಿದ್ದು ಹಿಟ್ಟು ನಾದುವ ಪರಾತದಿಂದ. ಅವ್ವ ಅದನ್ನು ಕೆಳಗಿನ ಜಾಲಿಯಲ್ಲಿ ಬಾಗಿಲ ಕಡೆ ವಾಲಿಸಿ ಇಡುತ್ತಿದ್ದಳು. ಮಷಿನ್ನೊಳಗಿನ ತಿರುಗುವ ಕೈಯಿಂದ ಚಿಮ್ಮಿದ ನೀರು ಪರಾತಕ್ಕೆ ಬಡಿದು ನೇರವಾಗಿ ಬಾಗಿಲ ಕೆಳಗಿನ ಮೂಲೆಗೆ ನುಗ್ಗುತ್ತಿತ್ತು. ಪರಾತವನ್ನು ಹಿಂದಿನ ಸಾಲಿಗೆ ಇಟ್ಟ ದಿನದಿಂದ ಒಂದು ಹನಿ ಇಲ್ಲ. ಒಂದು ರೂಪಾಯಿ ಖರ್ಚಿಲ್ಲ, ಹುಡುಕಲು ಮಾತ್ರ ಹನ್ನೊಂದು ದಿನ.

ಆಮೇಲೆ ಬಾಗಿಲ ಕೆಳಗಿನ ತುಟಿ. ಅಲ್ಲಿ ಜೋಳದ ಹಿಟ್ಟು, ಕರಿಬೇವಿನ ತುಣುಕು, ಶೇಂಗಾ ಪುಡಿ ಸೇರಿ ಮೇಣದ ಹಾಗೆ ಗಟ್ಟಿಯಾಗಿರುತ್ತದೆ. ಒದ್ದೆ ಬಟ್ಟೆ ಸುತ್ತಿದ ಬೆರಳಿನಿಂದ ಉದ್ದಕ್ಕೂ ಒರೆಸಿ. ಫಿಲ್ಟರಿನಲ್ಲಿ ಸಾಸಿವೆ, ಚಹಾಪುಡಿ ತುಂಬಿದೆಯಾ ನೋಡಿ. ತಿರುಗುವ ಕೈ ಸೀಳಿದ್ದರೂ ನೀರು ಅಡ್ಡ ಚಿಮ್ಮುತ್ತದೆ. ಇಷ್ಟಾದ ಮೇಲೂ ಹನಿದರೆ ರಬ್ಬರ್ ಬದಲಿಸಿ.

ಇನ್ನೊಂದು. ಮಷಿನ್ನನ್ನು ಹಿತ್ತಲ ಕಡೆಯ ಪಾತ್ರೆ ತೊಳೆಯುವ ಜಾಗದಲ್ಲಿ ಇಟ್ಟಿದ್ದರೆ ಆ ನೆಲಕ್ಕೆ ನೀರು ಹರಿಯಲಿ ಅಂತ ಇಳಿಜಾರು ಕೊಟ್ಟಿರುತ್ತಾರೆ. ಮಷಿನ್ ಮುಂದಕ್ಕೆ ಬಾಗಿದರೆ ನೀರೂ ಬಾಗಿಲಿಗೆ ಬಂದು ನಿಲ್ಲುತ್ತದೆ. ಸ್ಪಿರಿಟ್ ಲೆವೆಲ್ ಇಲ್ಲದಿದ್ದರೆ ಮಷಿನ್ ಮೇಲೆ ಅಂಚಿನ ತಾಟಿನಲ್ಲಿ ನೀರು ಹಾಕಿ ಇಡಿ, ಎತ್ತ ಸರಿಯುತ್ತದೆ ನೋಡಿ, ಕಾಲು ತಿರುಗಿಸಿ ಸಮ ಮಾಡಿ.

ನಮ್ಮದು ವಿಜಯಪುರ, ಬೋರ್ ನೀರು. ಗಡಸು ನೀರಿನಿಂದ ಸೋರುತ್ತದಾ?

ನೇರವಾಗಿ ಅಲ್ಲ, ಸುತ್ತಿ ಬಳಸಿ ಹೌದು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ ಅಂತಿದೆ. ಬೋರ್ ನೀರು ಇದಕ್ಕಿಂತ ಗಡಸಾಗಿಯೂ ಇರಬಹುದು, ಒಮ್ಮೆ ಪರೀಕ್ಷೆ ಮಾಡಿಸಿ ಮಷಿನ್ನಿನಲ್ಲಿ ಆ ಅಂಕಿಗೆ ಸರಿಯಾಗಿ ಸೆಟ್ಟಿಂಗ್ ಇಡಿ. ಇಲ್ಲದಿದ್ದರೆ ಸುಣ್ಣ ರಬ್ಬರಿನ ತುಟಿಯ ಮೇಲೆ ಕೂತು ಅದು ಸರಿಯಾಗಿ ಅಂಟುವುದಿಲ್ಲ. ಬೋರಿನ ಉಸುಕಿನ ಕಣ ವಾಲ್ವಿನಲ್ಲಿ ಸಿಕ್ಕಿಕೊಂಡರೆ ವಾಲ್ವ್ ಪೂರ್ತಿ ಮುಚ್ಚದೆ, ಮಷಿನ್ ಬಂದ್ ಇದ್ದರೂ ನೀರು ಒಳಗೆ ಬರುತ್ತಲೇ ಇರುತ್ತದೆ. ಕೆಲಸ ಮುಗಿದ ಮೇಲೆ ನಳ ಬಂದ್ ಮಾಡುವ ರೂಢಿ ಇಟ್ಟುಕೊಳ್ಳಿ. ಸವದತ್ತಿಗೋ ಊರಿಗೋ ಹೋಗುವಾಗಲಂತೂ ಮರೆಯಬೇಡಿ.

ಡಿಶ್‌ವಾಷರ್ ಉಪ್ಪಿನ ಬದಲು ಅಡಿಗೆ ಉಪ್ಪು ಹಾಕಬೇಡಿ. ತುಂಬುವಾಗ ಚೆಲ್ಲಿದ ಉಪ್ಪನ್ನು ಒರೆಸಿ, ತಕ್ಷಣ ಒಂದು ಸಲ ಓಡಿಸಿ. ಉಪ್ಪು ನಿಂತ ಕಡೆ ಸ್ಟೀಲೂ ತಿನ್ನಿಸಿಕೊಳ್ಳುತ್ತದೆ.

ಪೈಪಿನಲ್ಲಿ ಸಣ್ಣ ಸಣ್ಣ ತೂತು. ಹೇಗೆ ಬಂತು?

ಇಲಿ. ಬಾಗಲಕೋಟೆ ನವನಗರದ ನಮ್ಮ ಅತ್ತೆಯ ಮನೆಯಲ್ಲಿ ಹೊರಹೋಗುವ ಪೈಪನ್ನು ಕಡಿದಿತ್ತು. ಹಲ್ಲಿನ ಗುರುತು ಜೋಡಿ ಜೋಡಿಯಾಗಿ ಕಾಣುತ್ತದೆ. ಪೈಪು ಪೂರ್ತಿ ಬದಲಿಸಿ, ಗೋಡೆಯಲ್ಲಿ ಪೈಪು ಹಾದು ಹೋದ ಸಂದಿಗೆ ಜಾಲಿ ತುರುಕಿ ಸಿಮೆಂಟ್ ಹಾಕಿ.

ನೀರು ಬರುವ ಪೈಪು ಗಿಡ್ಡ ಆಯಿತು. ಕತ್ತರಿಸಿ ಜೋಡಿಸಬಹುದಾ?

ನಳದ ತುದಿಯಲ್ಲಿ ದಪ್ಪನೆಯ ಪ್ಲಾಸ್ಟಿಕ್ ಡಬ್ಬಿ ಇರುವ ಪೈಪಾದರೆ ಕತ್ತರಿ ಮುಟ್ಟಿಸಬೇಡಿ. ಆ ಡಬ್ಬಿಯೊಳಗೆ ಕರೆಂಟಿನ ವಾಲ್ವ್ ಇರಬಹುದು, ಪೈಪಿನೊಳಗೇ ವೈರು ಹೋಗಿರುತ್ತದೆ. ಡಬ್ಬಿಯನ್ನು ನೀರಿನಲ್ಲಿ ಮುಳುಗಿಸಲೂ ಬಾರದು. ವೈರ್ ಇಲ್ಲದ ಇನ್ನೊಂದು ತರಹದ್ದೂ ಇದೆ. ಒಮ್ಮೆ ಸೋರಿದರೆ ಅದರ ಸಣ್ಣ ಕಿಂಡಿಯಲ್ಲಿ ಕೆಂಪು ಕಾಣುತ್ತದೆ, ಆಮೇಲೆ ಪೈಪನ್ನೇ ಬದಲಿಸಬೇಕು. ಉದ್ದ ಸಾಲದಿದ್ದರೆ ಕಂಪನಿಯ ಉದ್ದ ಪೈಪು ತರಿಸಿ.

ಆ ಥರ್ಮಾಕೋಲ್ ಸ್ವಿಚ್ಚಿನ ವೈರ್ ತೆಗೆದುಬಿಟ್ಟರೆ?

ಮಷಿನ್ ಓಡುತ್ತದೆ. ಟ್ರೇ ತುಂಬಿದ ಮೇಲೆ ನೀರು 230 ವೋಲ್ಟಿನ ಮೋಟಾರು, ನೆಲ, ಕೆಳಗಿನ ಮನೆಯ ಸೀಲಿಂಗ್ ಅಂತ ದಾರಿ ಹುಡುಕುತ್ತದೆ. ಬೇಡ.

ಮೆಕ್ಯಾನಿಕ್ ಬರುತ್ತಾನೆ. ಏನು ನೋಡಿಕೊಳ್ಳಬೇಕು?

ನಮ್ಮ ಮನೆಗೆ ಬಂದ ಒಬ್ಬ ಪಟ್ಟಿಯನ್ನೂ ಬಿಚ್ಚದೆ ‘ಪಿಸಿಬಿ ಹೋಗೈತ್ರಿ ಸರ್’ ಅಂದ, ಅಂದರೆ ಒಳಗಿನ ಎಲೆಕ್ಟ್ರಾನಿಕ್ ಬೋರ್ಡು. ಆಗ ಟ್ರೇಯಲ್ಲಿ ನೀರು ತುಂಬಿತ್ತು. ‘ಟ್ರೇ ತೋರಿಸ್ರಿ ಮೊದಲು’ ಅಂದೆ. ಬಗ್ಗಿ ನೋಡಿ ಸುಮ್ಮನಾದ. ಅದಕ್ಕೇ ಹೇಳುವುದು, ನೀರು ಎಲ್ಲಿಂದ ಬರುತ್ತಿದೆ ಅಂತ ಬೆರಳಿಟ್ಟು ತೋರಿಸಲು ಕೇಳಿ. ಬದಲಿಸಿದರೆ ಹಳೆ ಭಾಗ ಕೈಗೆ ತಗೊಳ್ಳಿ. ಪಟ್ಟಿ ಹಾಕುವ ಮೊದಲು ಒಂದು ಪ್ರೋಗ್ರಾಂ ಪೂರ್ತಿ ಓಡಿಸಿ ನೋಡಿ. ಚಹಾ ಕೊಟ್ಟು ಕೂರಿಸಿ, ಬೇಕಾದರೆ. ವಾರಂಟಿ ಇದ್ದರೆ ಪಕ್ಕದ ತಗಡು, ಪಂಪು ನೀವೇ ಬಿಚ್ಚಬೇಡಿ. ಗೂಡಿನ ತಳದ ಸೀಲು, ಪಂಪಿನ ಸೀಲು ಅನುಭವ ಇರುವವರ ಕೆಲಸ. ವಾರಂಟಿ ಇದ್ದೂ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಸದ್ಯಕ್ಕೆ ಎಂ-ಸೀಲ್ ಹಚ್ಚಿ ನಡೆಸಬಹುದಾ?

ಟಾಕಿಯ ಪೈಪಿಗೆ ಹಚ್ಚಿ. ಬಿಸಿನೀರು ಹರಿದು, ದಿನಾ ಅದುರುವ ರಬ್ಬರ್ ಪೈಪಿನ ಮೇಲೆ ಅದು ನಿಲ್ಲುವುದಿಲ್ಲ. ಪೈಪು ಬರುವವರೆಗೆ ನಾಲ್ಕು ದಿನ ಕೈಯಿಂದಲೇ ತಿಕ್ಕಿ. ಬೂದಿ, ನಾರು ಎಲ್ಲಿಟ್ಟಿದ್ದೀರಿ ಅಂತ ನಿಮ್ಮ ಅವ್ವನಿಗೆ ಗೊತ್ತಿರುತ್ತದೆ.